ಡ್ಯಾನ್ಯೂಬ್ ದಂಡೆಯಲ್ಲಿ ನಾಲ್ಕು ದಿನದ ಸಂಸಾರ

ಯುರೋಪ್ ಎಂದೊಡನೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಎರಡು ಚಿತ್ರಗಳು ಕಣ್ಣಮುಂದೆ ಬರುತ್ತವೆ. ಒಂದು, ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುವ ಹಿಮದ ಬೆಟ್ಟ, ಕೆಂಪು ಹೆಂಚಿನ ಊರು. ಇನ್ನೊಂದು, ಹೋಗಿ ಬಂದವರು ಹೇಳುವ ಖರ್ಚಿನ ಲೆಕ್ಕ. ಒಂದು ಕಪ್ ಕಾಫಿಗೆ ಇಷ್ಟು, ಒಂದು ಊಟಕ್ಕೆ ಅಷ್ಟು ಎಂದು ಅವರು ಹೇಳುತ್ತ ಹೋದಂತೆ ಮೊದಲ ಚಿತ್ರ ಮಸುಕಾಗಿ ಎರಡನೆಯದೇ ಉಳಿಯುತ್ತದೆ. ಅದರಲ್ಲೂ ಮಕ್ಕಳನ್ನು ಸಾಲ ಮಾಡಿ ಓದಲು ಕಳಿಸಿದ ತಂದೆತಾಯಿಗಳಿಗೆ ಆ ಖಂಡ ನೋಡುವ ಜಾಗವಲ್ಲ, ಕಂತು ಕಟ್ಟುವ ಜಾಗ.

ಆದರೆ ಯುರೋಪಿನ ಎಲ್ಲ ಊರುಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಪ್ಯಾರಿಸ್, ಜ್ಯೂರಿಕ್‌ಗಳ ದರ ಬೇರೆ. ಪೂರ್ವಕ್ಕೆ ಸರಿದಂತೆ ದರವೂ ಇಳಿಯುತ್ತದೆ. ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಅಂಥದೊಂದು ಊರು. ಅಲ್ಲಿನವರ ಬಾಯಲ್ಲಿ ಅದು ಬುಡಾಪೆಷ್ಟ್. ನದಿಯ ಪಶ್ಚಿಮ ದಂಡೆಯ ಗುಡ್ಡಗಾಡು ಬುಡಾ, ಪೂರ್ವ ದಂಡೆಯ ಬಯಲು ಪೆಸ್ಟ್, ಇವುಗಳ ಜೊತೆಗೆ ಓಬುಡಾ ಎಂಬ ಹಳೆಯ ಪಟ್ಟಣ ಸೇರಿ 1873ರಲ್ಲಿ ಒಂದೇ ನಗರವಾದವು. ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ ಎನ್ನಿ. ನಡುವೆ ಬಯಲಿನ ಬದಲು ಡ್ಯಾನ್ಯೂಬ್ ನದಿ. ಹಂಗೇರಿ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯೂರೊ ಅಲ್ಲ, ಫೊರಿಂಟ್ ಎಂಬ ಅದರದೇ ನಾಣ್ಯ. ನಾವು ಹೋಗಿದ್ದು 2024ರ ಅಕ್ಟೋಬರಿನಲ್ಲಿ, ದಸರಾ ರಜೆಯಲ್ಲಿ. ಆಗ ನೂರು ಫೊರಿಂಟಿಗೆ ಸುಮಾರು ಇಪ್ಪತ್ತಮೂರು ರೂಪಾಯಿ.

ನಾವು ಎಂದರೆ ಮೂವರು. ನಾನು ಹಾವೇರಿಯ ಕಡೆಯ ಶಾಲಾ ಶಿಕ್ಷಕಿ, ನಮ್ಮ ಮನೆಯವರು ಬ್ಯಾಂಕಿನ ನೌಕರರು, ಮಗಳು ವಿಯೆನ್ನಾದಲ್ಲಿ ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ಆಸ್ಟ್ರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮಂಥ ಹೊರದೇಶದವರಿಗೆ ಶುಲ್ಕ ಸೆಮಿಸ್ಟರಿಗೆ ಸಾಮಾನ್ಯವಾಗಿ 726 ಯೂರೊ ಚಿಲ್ಲರೆ. ಶುಲ್ಕ ದೊಡ್ಡದಲ್ಲ, ಆದರೆ ಬಾಡಿಗೆ ಮತ್ತು ಹೊಟ್ಟೆಯ ಖರ್ಚು ದೊಡ್ಡದು. ಅದಕ್ಕೆಂದೇ ಶಿಕ್ಷಣ ಸಾಲ. ಮಗಳನ್ನು ನೋಡಿ ಬರೋಣವೆಂದು ನಾವಿಬ್ಬರು ಹೊರಟಾಗ, "ಸಾಲಾ ಮಾಡಿ ಓದಸೂ ಮಂದಿ ಯುರೋಪ್ ನೋಡಾಕ ಹೊಂಟಾರ ನೋಡವ್ವ" ಎಂದು ನಮ್ಮ ಬಳಗದಲ್ಲೇ ಆಡಿಕೊಂಡರು. ಆ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಹಾಗಾಗಿ ಹೊರಡುವ ಮುನ್ನವೇ ಮೂವರೂ ಒಂದು ನಿಯಮ ಮಾಡಿಕೊಂಡೆವು: ವಿಯೆನ್ನಾ ಬಿಟ್ಟು ಇನ್ನೊಂದೇ ಊರು, ನಾಲ್ಕೇ ದಿನ, ಊಟ ಮಾತ್ರ ನಮ್ಮದೇ ಕೈಯಡುಗೆ.

ನನಗೆ ಇನ್ನೊಂದು ಚಿಂತೆಯೂ ಇತ್ತು. ಫೋನಿನಲ್ಲಿ ಮುಖ ತೋರಿಸುವಾಗಲೆಲ್ಲ ಮಗಳು ಸೊರಗಿದಂತೆ ಕಾಣುತ್ತಿದ್ದಳು. "ಊಟ ಆತೇನವ್ವಾ?" ಎಂದರೆ "ಆತು" ಎಂಬ ಒಂದೇ ಉತ್ತರ. ಏನು ಉಂಡೆ ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತಿತ್ತು.

ಗಂಟುಮೂಟೆಯ ಲೆಕ್ಕ

ಮೊದಲು ಕಾಗದಪತ್ರದ ಮಾತು ಹೇಳಿಬಿಡುತ್ತೇನೆ. ಆಸ್ಟ್ರಿಯಾ, ಹಂಗೇರಿ ಎರಡೂ ಶೆಂಗೆನ್ ಒಪ್ಪಂದದ ದೇಶಗಳು. ಒಂದೇ ವೀಸಾದಲ್ಲಿ ಎರಡನ್ನೂ ನೋಡಬಹುದು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಕೊಡಬಹುದು. ತೀರಾ ತಡವೆಂದರೂ ಹದಿನೈದು ದಿನ ಮೊದಲು. 2024ರ ಜೂನ್‌ನಿಂದ ದೊಡ್ಡವರ ವೀಸಾ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಕಡ್ಡಾಯ.

ಇನ್ನು ಅಡುಗೆ ಗಂಟು. ಇದರಲ್ಲಿ ನಮ್ಮ ತಾಯಂದಿರು ತಿಳಿದಿರಬೇಕಾದ ಸಂಗತಿಗಳಿವೆ. ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಮನೆಯ ತುಪ್ಪದ ಡಬ್ಬಿ, ಧಾರವಾಡ ಪೇಢೆ ಎರಡಕ್ಕೂ ಪ್ರವೇಶವಿಲ್ಲ. ಹಸಿ ತರಕಾರಿ, ಹಣ್ಣು, ಎಲೆಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಕರಿಬೇವಿನ ಹಸಿ ಎಸಳು ಪೆಟ್ಟಿಗೆಗೆ ಸೇರಲಿಲ್ಲ. ಹಬ್ಬಕ್ಕೆಂದು ಬನ್ನಿ ಎಲೆಯೂ ಸೇರಲಿಲ್ಲ. ಒಯ್ದದ್ದು ಇಷ್ಟು: ಇಪ್ಪತ್ತೈದು ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಖಾರದ ಪುಡಿ, ಸಾರಿನ ಪುಡಿ, ಅರಿಸಿನ, ಸಾಸಿವೆ, ಜೀರಿಗೆ, ಇಂಗು, ಒಂದು ಪಾವು ಶಾವಿಗೆ, ಸ್ವಲ್ಪ ತೊಗರಿಬೇಳೆ. ಎಲ್ಲವನ್ನೂ ಗಟ್ಟಿಯಾಗಿ ಕಟ್ಟಿ, ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟೆವು. ರೊಟ್ಟಿ ಪ್ರಯಾಣದಲ್ಲಿ ಪುಡಿಯಾದರೂ ಕೆಡುವುದಿಲ್ಲ. ಪುಡಿಯಾದದ್ದನ್ನು ಮೊಸರಿನಲ್ಲಿ ಕಲಸಿ ಉಣ್ಣುವುದು ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ.

ವಿಯೆನ್ನಾದಿಂದ ಬುಡಾಪೆಸ್ಟಿಗೆ ರೈಲಿನಲ್ಲಿ ಎರಡೂ ಮುಕ್ಕಾಲು ಗಂಟೆಯೊಳಗಿನ ದಾರಿ. ಟಿಕೆಟನ್ನು ವಾರಗಳ ಮೊದಲೇ ಕಾಯ್ದಿರಿಸಿದರೆ ದರ ಬಹಳ ಕಡಿಮೆ. ಹೋಗಿ ಬರಲು ಮೂವರಿಗೂ ಸೇರಿ ನಾವು ಕೊಟ್ಟದ್ದು 126 ಯೂರೊ. ಇಳಿಯುವ ಕೆಲೆತಿ ನಿಲ್ದಾಣವೇ ನೋಡತಕ್ಕದ್ದು. 1884ರಲ್ಲಿ ತೆರೆದ ಕಟ್ಟಡ, ಮುಂಬಾಗಿಲಿನ ಮೇಲೆ ಬೀಸಣಿಗೆ ಬಿಚ್ಚಿದಂತೆ ದೊಡ್ಡ ಗಾಜಿನ ಕಮಾನು.

ತಂಗಲು ಹೋಟೆಲಿನ ಎರಡು ಕೋಣೆಗಳ ಬದಲು, ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ಫೆರೆನ್ಸ್‌ವಾರೊಶ್ ಎಂಬ ಬಡಾವಣೆಯಲ್ಲಿ ಮೂರು ರಾತ್ರಿಗೆ ಹಿಡಿದೆವು. ಸ್ವಚ್ಛತೆಯ ಶುಲ್ಕವೂ ಸೇರಿ 210 ಯೂರೊ. ಹೀಗೆ ಮನೆ ಹಿಡಿಯುವವರಿಗೆ ಒಂದು ಎಚ್ಚರಿಕೆ. ಪ್ರವಾಸಿಗರಿಗೆ ಮನೆ ಕೊಡುವುದು ಹೆಚ್ಚಿ ಅಲ್ಲಿಯವರಿಗೇ ಬಾಡಿಗೆ ಮನೆ ಸಿಗುವುದು ಕಷ್ಟವಾದಾಗ, ನಗರದ ಆರನೆಯ ವಿಭಾಗವಾದ ತೆರೇಜ್‌ವಾರೊಶ್‌ನ ನಿವಾಸಿಗಳು 2024ರಲ್ಲಿ ಮತ ಹಾಕಿ, 2026ರ ಜನವರಿಯಿಂದ ಇಂಥ ಅಲ್ಪಾವಧಿ ಬಾಡಿಗೆ ಬೇಡವೆಂದು ತೀರ್ಮಾನಿಸಿದರು. ಅವರ ಕಷ್ಟ ನಮಗೂ ಅರ್ಥವಾಗಬೇಕಾದ್ದೇ. ಅಡುಗೆಮನೆ ಇರುವ ಯುವಕರ ಹಾಸ್ಟೆಲುಗಳೂ ಊರಲ್ಲಿ ಸಾಕಷ್ಟಿವೆ. ವಿದ್ಯಾರ್ಥಿಗಳು ಗುಂಪಾಗಿ ಹೋದರೆ ಅದೇ ಅಗ್ಗ.

ಮೆಣಸಿನಕಾಯಿಯ ಅಕ್ಕತಂಗಿಯರು

ಮನೆಯಿಂದ ಕಾಲ್ನಡಿಗೆಯ ದೂರದಲ್ಲೇ ಊರಿನ ದೊಡ್ಡ ಸಂತೆಮನೆ. ಅಲ್ಲಿಯ ಭಾಷೆಯಲ್ಲಿ ನಜ್‌ವಾಶಾರ್‌ಚಾರ್ನೊಕ್. 1897ರಲ್ಲಿ ತೆರೆದದ್ದು. ಶಾಮು ಪೆತ್ಸ್ ಎಂಬ ವಾಸ್ತುಶಿಲ್ಪಿಯ ಕೃತಿ. ಚಾವಣಿಯ ಮೇಲೆ ಬಣ್ಣಬಣ್ಣದ ಹೆಂಚು, ಒಳಗೆ ರೈಲು ನಿಲ್ದಾಣದಂಥ ಉಕ್ಕಿನ ಕಮಾನು. ನೆಲಮಾಳಿಗೆಯಲ್ಲಿ ಮೀನು ಮತ್ತು ಉಪ್ಪಿನಕಾಯಿ, ನೆಲಮಟ್ಟದಲ್ಲಿ ತರಕಾರಿ, ಹಣ್ಣು, ಮಾಂಸ, ಮೇಲಂತಸ್ತಿನಲ್ಲಿ ತಿಂಡಿ ಮತ್ತು ಪ್ರವಾಸಿಗರ ಸಾಮಾನು. ಕೊಳ್ಳಬೇಕಾದ್ದು ನೆಲಮಟ್ಟದಲ್ಲಿ. ಮೇಲಂತಸ್ತಿನಲ್ಲಿ ಕಣ್ಣಿಗೆ ಹಬ್ಬ, ಕಿಸೆಗೆ ಉಪವಾಸ. ಶನಿವಾರ ಮಧ್ಯಾಹ್ನ ಮೂರಕ್ಕೇ ಬಾಗಿಲು ಹಾಕುತ್ತಾರೆ ಎಂಬುದು ನೆನಪಿರಲಿ.

ಒಳಗೆ ಕಾಲಿಟ್ಟ ಕೂಡಲೇ ನಮ್ಮ ಮನೆಯವರು ನಿಂತುಬಿಟ್ಟರು. "ಇದೇನು ಬ್ಯಾಡಗಿ ಪ್ಯಾಟಿಗೆ ಬಂದಂಗಾತಲ್ಲ!" ಅಂಗಡಿಯ ಅಂಚಿಗೆಲ್ಲ ಕೆಂಪು ಮೆಣಸಿನಕಾಯಿಯ ಸರಗಳು ಮಾಲೆಯಂತೆ ತೂಗುಬಿದ್ದಿದ್ದವು. ಅಕ್ಟೋಬರ್ ಎಂದರೆ ಅವರಿಗೂ ಸುಗ್ಗಿಯ ಕಾಲ.

ಇದರ ಹಿಂದೊಂದು ಸೊಗಸಾದ ಕಥೆ ಇದೆ. ಮೆಣಸಿನಕಾಯಿ ನಮ್ಮದೂ ಅಲ್ಲ, ಅವರದೂ ಅಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲೆ ಅದು ಹೊರಗಿನ ಜಗತ್ತಿಗೆ ಬಂತು. ಪೋರ್ಚುಗೀಸರ ಹಡಗಿನಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿತು. ಇತ್ತ ತುರ್ಕರ ಮೂಲಕ ಹಂಗೇರಿಗೆ ಬಂತು. ಬುಡಾ ಕೋಟೆ 1541ರಿಂದ 1686ರವರೆಗೆ ತುರ್ಕರ ಕೈಯಲ್ಲಿತ್ತು. ಎರಡು ದಾರಿಯಲ್ಲಿ ಹೊರಟ ಅಕ್ಕತಂಗಿಯರು ಎರಡು ಊರುಗಳಲ್ಲಿ ಸಂಸಾರ ಹೂಡಿ, ವಿಚಿತ್ರವೆಂಬಂತೆ ಒಂದೇ ಗುಣ ಬೆಳೆಸಿಕೊಂಡರು. ನಮ್ಮ ಬ್ಯಾಡಗಿಯಂತೆ ಅವರ ಪಾಪ್ರಿಕಾ ಕೂಡ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ಸೆಗೆದ್ ಮತ್ತು ಕಾಲೊಚಾ ಎಂಬ ಎರಡು ಊರುಗಳ ಪುಡಿಗೆ ಅದೇ ಬಗೆಯ ರಕ್ಷಣೆ ಇದೆ. ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ. ಸೆಗೆದ್‌ನಲ್ಲಿದ್ದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ್ದು ಇದೇ ಪಾಪ್ರಿಕಾ ಕಾಯಿಯಿಂದ. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಕೊಳ್ಳುವಾಗ ಕೆಲವು ಮಾತು ತಿಳಿದಿದ್ದರೆ ಅನುಕೂಲ. ಏದೆಶ್ ಎಂದರೆ ಸಿಹಿ, ಅಂದರೆ ಖಾರವಿಲ್ಲದ್ದು. ಚೀಪೋಶ್ ಎಂದರೆ ಖಾರ. ಹಾಗ್ಮಾ ಈರುಳ್ಳಿ, ಕ್ರುಂಪ್ಲಿ ಆಲೂಗಡ್ಡೆ, ರಿಜ್ ಅಕ್ಕಿ, ಲೆಂಚೆ ಬೇಳೆ, ತೇಯ್ ಹಾಲು. ಟೊಮೆಟೊಗೆ ಅವರು ಪಾರಾದಿಚೊಮ್ ಎನ್ನುತ್ತಾರೆ. ಆ ಮಾತಿಗೆ ಸ್ವರ್ಗ ಎಂಬ ಅರ್ಥವೂ ಇದೆ! ಸಸ್ಯಾಹಾರಿಗಳು ತಪ್ಪದೆ ಕಲಿಯಬೇಕಾದವು ಮೂರು: ಹೂಶ್ ಎಂದರೆ ಮಾಂಸ, ಜೀರ್ ಎಂದರೆ ಹೆಚ್ಚಾಗಿ ಹಂದಿಯ ಕೊಬ್ಬು, ತೊಯಾಶ್ ಎಂದರೆ ಮೊಟ್ಟೆ. ತರಕಾರಿ ಎಂದು ಕಾಣುವ ಎಷ್ಟೋ ಹೋಟೆಲ್ ಅಡುಗೆಗಳು ಆ ಕೊಬ್ಬಿನಲ್ಲೇ ಬೇಯುತ್ತವೆ. ಮನೆಯಡುಗೆಗೆ ಇದೂ ಒಂದು ಕಾರಣ.

ಅಕ್ಕಿ, ಎಣ್ಣೆ, ಹಾಲುಗಳನ್ನು ಸಂತೆಮನೆಗಿಂತ ಬೀದಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳುವುದು ಲಾಭ. ನಮ್ಮ ತೊಗರಿಬೇಳೆ ಎಲ್ಲ ಕಡೆ ಸಿಗುವುದಿಲ್ಲ, ಕೆಂಪು ಮಸೂರ ಸುಲಭವಾಗಿ ಸಿಗುತ್ತದೆ. ಅದಕ್ಕೆ ಕುಕ್ಕರೂ ಬೇಡ, ಕಾಲು ಗಂಟೆಯಲ್ಲಿ ಬೆಂದು ಕರಗುತ್ತದೆ.

ಒಗ್ಗರಣೆಯ ಪ್ರಶ್ನೆ

ಮೊದಲ ದಿನ ಸಂಜೆ ಒಲೆ ಹಚ್ಚಿದೆವು. ಹಚ್ಚುವುದೆಂದರೆ ಬೆಂಕಿಯಿಲ್ಲ, ನುಣುಪಾದ ಗಾಜಿನ ಹಲಗೆ, ಅದರ ಮೇಲೆ ಕೆಂಪು ವೃತ್ತ. ಸಾಸಿವೆ ಚಿಟಪಟಿಸುವ ಹೊತ್ತಿಗೆ ಮಗಳು ಓಡಿ ಹೋಗಿ ಕಿಟಕಿಗಳನ್ನೆಲ್ಲ ತೆರೆದಳು, ಕೋಣೆಗಳ ಬಾಗಿಲುಗಳನ್ನು ಮುಚ್ಚಿದಳು. ಅವಳ ಗಾಬರಿ ನೋಡಿ ನನಗೆ ಆಶ್ಚರ್ಯವಾಯಿತು. ಊಟಕ್ಕೆ ಕುಳಿತಾಗ ನಿಧಾನವಾಗಿ ಹೊರಬಂತು ವಿಷಯ.

ಅವಳಿರುವ ವಿದ್ಯಾರ್ಥಿನಿಲಯದಲ್ಲಿ ಆರು ಜನರಿಗೆ ಒಂದು ಅಡುಗೆಮನೆ. ಹೋದ ಹೊಸದರಲ್ಲಿ ಅವಳು ದಿನಾ ಅಡುಗೆ ಮಾಡುತ್ತಿದ್ದಳಂತೆ. ಒಗ್ಗರಣೆಯ ಹೊಗೆ, ಇಂಗಿನ ವಾಸನೆ ಬಟ್ಟೆಗೆಲ್ಲ ಹಿಡಿಯುತ್ತದೆಂದು ಜೊತೆಯವರು ಗೋಡೆಗೆ ಚೀಟಿ ಅಂಟಿಸಿದರು. ಎರಡನೆಯ ಚೀಟಿಯ ನಂತರ ಇವಳು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಆಮೇಲೆ ಬ್ರೆಡ್ಡು, ಬಾಳೆಹಣ್ಣು, ಕೆಲವು ರಾತ್ರಿ ಬರೀ ಹಾಲು. ಹೊರಗೆ ಉಂಡರೆ ಸಾಲದ ದುಡ್ಡು ಎಂಬ ಅಂಜಿಕೆ. "ನಿಮಗ ಹೇಳಿದ್ರ ಅಪ್ಪ ಇನ್ನಷ್ಟು ರೊಕ್ಕಾ ಕಳಸ್ತಿದ್ರು. ಅದಕ್ಕ ಹೇಳಲಿಲ್ಲ" ಎಂದಳು. ಮನೆಯವರು ತಟ್ಟೆಯಲ್ಲೇ ಕಣ್ಣು ನೆಟ್ಟು ಕುಳಿತರು. ರೊಟ್ಟಿ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಮರುದಿನ ಶನಿವಾರ, ವಿಜಯದಶಮಿ. ಮನೆಯೊಡತಿ ಎಪ್ಪತ್ತರ ಆಸುಪಾಸಿನ ಹೆಂಗಸು, ಅದೇ ಕಟ್ಟಡದ ಕೆಳಗಿನ ಮನೆಯವಳು. ಬಿಸಿನೀರಿನ ಗುಂಡಿ ತೋರಿಸಲು ಬಂದವಳು ಅಡುಗೆಯ ಘಮಕ್ಕೆ ಒಳಗೇ ಬಂದಳು. ಅವಳಿಗೆ ಇಂಗ್ಲಿಷ್ ಬಾರದು, ಜರ್ಮನ್ ಬರುತ್ತಿತ್ತು. ಮಗಳಿಗೂ ಅಷ್ಟಿಷ್ಟು ಜರ್ಮನ್ ಬಂದಿದ್ದರಿಂದ ಮಾತು ನಡೆಯಿತು. ನಾನು ಬ್ಯಾಡಗಿ ಪುಡಿಯನ್ನು ಕಾದ ಎಣ್ಣೆಗೆ ಹಾಕಲು ಹೋದಾಗ ಅವಳು ಕೈ ಅಡ್ಡ ಹಿಡಿದಳು. ಬಾಣಲೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಿ, ಒಂದು ಉಸಿರು ಬಿಡುವಷ್ಟು ಹೊತ್ತು ಕಾದು, ಆಮೇಲೆ ಪುಡಿ ಹಾಕಿ, ತಕ್ಷಣ ಹೆಚ್ಚಿದ ಟೊಮೆಟೊ ಸುರಿದು ತಿರುವಿದಳು. ಹೊಗೆ ಇಲ್ಲ, ಘಾಟು ಇಲ್ಲ, ಕೆಮ್ಮಿಲ್ಲ. ಬಣ್ಣ ಮಾತ್ರ ಕುಂಕುಮದಂತೆ ಎದ್ದು ಬಂತು. ಪಾಪ್ರಿಕಾದಲ್ಲಿ ಸಕ್ಕರೆಯ ಅಂಶವಿದೆ, ಬಿಸಿ ಎಣ್ಣೆಯಲ್ಲಿ ಕ್ಷಣದಲ್ಲಿ ಸುಟ್ಟು ಕಹಿಯಾಗುತ್ತದೆ. ಹಂಗೇರಿಯ ಪ್ರತಿ ಅಡುಗೆಮನೆಯಲ್ಲಿ ಹೆಣ್ಣುಮಕ್ಕಳು ಮೊದಲು ಕಲಿಯುವ ಪಾಠ ಇದಂತೆ.

ಆ ಪದ್ಧತಿಯಲ್ಲಿ ಅವಳು ಮಾಡಿಸಿದ್ದು ಲೆಚೊ ಎಂಬ ಪದಾರ್ಥ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಪಾಪ್ರಿಕಾ ಪುಡಿ, ಉದ್ದುದ್ದ ಹೆಚ್ಚಿದ ಹಳದಿ ಮೆಣಸು, ಟೊಮೆಟೊ ಹಾಕಿ ತನ್ನ ನೀರಿನಲ್ಲೇ ಬೇಯಿಸುವುದು. ನಮ್ಮ ಡೊಣ್ಣಮೆಣಸಿನಕಾಯಿ ಗೊಜ್ಜಿನ ಸೋದರಸಂಬಂಧಿ ಎನ್ನಬಹುದು. ಅವರು ಎಣ್ಣೆಯ ಬದಲು ಕೊಬ್ಬು ಬಳಸುತ್ತಾರೆ, ಸಾಸೇಜನ್ನೂ ಸೇರಿಸುತ್ತಾರೆ. ನಮಗಾಗಿ ಎರಡನ್ನೂ ಬಿಟ್ಟಳು. ಜೋಳದ ರೊಟ್ಟಿಯ ಜೊತೆ ಅದು ಹೊಂದಿಕೊಂಡ ಬಗೆಯನ್ನು ಹೇಳಲಾರೆ, ತಿಂದೇ ನೋಡಬೇಕು. ಅವಳಿಗೂ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ರೊಟ್ಟಿಯನ್ನು ಮುರಿಯುವಾಗ ಬಂದ ಸದ್ದಿಗೆ ಅವಳು ಹುಡುಗಿಯಂತೆ ನಕ್ಕಳು.

ಅದರಿಂದ ನಮಗೊಂದು ದಾರಿ ಹೊಳೆಯಿತು. ಉಳಿದ ದಿನಗಳಲ್ಲಿ ತಾಯಿ ಮಗಳಿಬ್ಬರೂ ಹೊಗೆಯಿಲ್ಲದ ಅಡುಗೆಯನ್ನು ಒಂದೊಂದಾಗಿ ಮಾಡಿ ನೋಡಿದೆವು. ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ಮುಚ್ಚಳ ಮುಚ್ಚುವುದು. ಇಂಗನ್ನು ಒಗ್ಗರಣೆಗೆ ಬಿಟ್ಟು, ಕುದಿಯುವ ಸಾರಿಗೆ ಚಿಟಿಕೆಯಷ್ಟು ಸೇರಿಸುವುದು. ಖಾರದಪುಡಿ ಯಾವಾಗಲೂ ಬಾಣಲೆ ಕೆಳಗಿಳಿಸಿದ ಮೇಲೆ. ಭಾನುವಾರ ಸಂಜೆ ಮಗಳು, "ಅವ್ವಾ, ನೀ ಸುಮ್ನ ಕುಂದ್ರು. ಇವತ್ತ ನಾ ಮಾಡ್ತೀನಿ" ಎಂದಳು. ತುಂಬಲೆಂದೇ ಮಾರುವ ತಿಳಿಹಳದಿ ಮೆಣಸು ಅಲ್ಲಿ ಸಿಗುತ್ತದೆ. ಅವರು ಅದರಲ್ಲಿ ಮಾಂಸ ಮತ್ತು ಅಕ್ಕಿ ತುಂಬುತ್ತಾರೆ. ಇವಳು ಶೇಂಗಾ ಹಿಂಡಿ, ಈರುಳ್ಳಿ ತುಂಬಿ ಎಣಗಾಯಿ ಮಾಡಿದಳು. ಕೆಂಪು ಮಸೂರದ ಸಾರು, ಅನ್ನ, ಎಲೆಕೋಸಿನ ಪಲ್ಯ. ಕಿಟಕಿ ಮುಚ್ಚೇ ಇತ್ತು. ಮನೆಯವರು ಎರಡು ಸಲ ಅನ್ನ ಹಾಕಿಸಿಕೊಂಡರು, ಮಗಳೂ ಹಾಕಿಕೊಂಡಳು. ನಾನು ನೋಡಿದ್ದು ಅವಳ ತಟ್ಟೆಯನ್ನು.

ಬನ್ನಿ ಹಬ್ಬಕ್ಕೆ ಅಲ್ಲಿಯ ಹಾಲಿನಲ್ಲೇ ಶಾವಿಗೆ ಪಾಯಸ ಮಾಡಿದ್ದೆವು. ಎಲೆ ಇರಲಿಲ್ಲ, ಬರಿಗೈಯಲ್ಲೇ "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎಂದು ಹೇಳಿಕೊಂಡೆವು.

ಕಾಸಿಲ್ಲದೆ ಕಾಣುವ ಊರು

ಹೊಟ್ಟೆಯ ಮಾತೇ ಆಯಿತು, ಇನ್ನು ಕಣ್ಣಿನ ಮಾತು. ಈ ಊರಿನ ಒಳ್ಳೆಯದರಲ್ಲಿ ಬಹುಪಾಲು ಬಿಟ್ಟಿ. ಟ್ರಾಮ್, ಬಸ್, ಮೆಟ್ರೊ ಎಲ್ಲಕ್ಕೂ ನಡೆಯುವ 72 ಗಂಟೆಯ ಟಿಕೆಟಿಗೆ 2024ರಲ್ಲಿ 5,500 ಫೊರಿಂಟ್ ಇತ್ತು. ಒಂದೊಂದೇ ಟಿಕೆಟ್ ಕೊಂಡರೆ 450. ಬಿಡಿ ಟಿಕೆಟಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ದಂಡ, ನೆನಪಿರಲಿ.

ಎರಡನೆಯ ನಂಬರಿನ ಟ್ರಾಮ್ ಪೆಸ್ಟ್ ದಂಡೆಗುಂಟ ಓಡುತ್ತದೆ. ಕಿಟಕಿಯ ಪಕ್ಕ ಕುಳಿತರೆ ನದಿ, ಸೇತುವೆಗಳು, ಎದುರು ಗುಡ್ಡದ ಅರಮನೆ, ಸಂಸತ್ ಭವನ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ದೋಣಿಯ ಟಿಕೆಟ್ ಕೊಂಡವರು ನೋಡುವುದೂ ಇದನ್ನೇ. ನಾವು ಹೋಗುವ ಹಿಂದಿನ ತಿಂಗಳಷ್ಟೇ ಡ್ಯಾನ್ಯೂಬಿಗೆ ದೊಡ್ಡ ಪ್ರವಾಹ ಬಂದು ದಂಡೆಯ ರಸ್ತೆಗಳು ಮುಳುಗಿದ್ದವು. ನಾವು ಹೋದಾಗ ನದಿ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಸಂಸತ್ ಭವನದ ಗುಮ್ಮಟದ ಎತ್ತರ 96 ಮೀಟರ್, ಸಂತ ಸ್ಟೀಫನ್ ಚರ್ಚಿನದೂ ಅಷ್ಟೇ. ಹಂಗೇರಿಯನ್ನರ ಪೂರ್ವಜರು ಕ್ರಿ.ಶ. 896ರಲ್ಲಿ ಈ ನಾಡಿಗೆ ಬಂದರೆಂಬ ನೆನಪಿಗೆ ಆ ಸಂಖ್ಯೆ. ಆ ಘಟನೆಯ ಸಾವಿರ ವರ್ಷಕ್ಕೆ, 1896ರಲ್ಲಿ, ಇಲ್ಲಿ ಸುರಂಗ ರೈಲು ಓಡಿತು. ಯುರೋಪಿನ ಮುಖ್ಯಭೂಮಿಯಲ್ಲಿ ಅಂಥದು ಅದೇ ಮೊದಲು. ಹಳದಿ ಬಣ್ಣದ ಪುಟ್ಟ ಬೋಗಿಗಳು, ಹೆಂಚಿನ ಗೋಡೆಯ ಸಣ್ಣ ನಿಲ್ದಾಣಗಳು ಈಗಲೂ ದಿನಬಳಕೆಯಲ್ಲಿವೆ.

ಎರಡು ಊರುಗಳನ್ನು ಮೊದಲು ಶಾಶ್ವತವಾಗಿ ಬೆಸೆದದ್ದು 1849ರ ಸರಪಳಿ ಸೇತುವೆ. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನು ಸ್ಫೋಟಿಸಿತು. ಮತ್ತೆ ಕಟ್ಟಿ 1949ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ತೆರೆದರು. ಅದನ್ನು ನಡೆದು ದಾಟಿ, ಹದಿನಾರನೆಯ ನಂಬರಿನ ಬಸ್ಸಿನಲ್ಲಿ ಕೋಟೆಗುಡ್ಡ ಹತ್ತಬಹುದು. ಹಗ್ಗದಿಂದ ಎಳೆಯುವ ಗುಡ್ಡರೈಲಿಗೆ ಬೇರೆ ಟಿಕೆಟ್, ಬಸ್ಸಿಗೆ ನಿಮ್ಮ 72 ಗಂಟೆಯದೇ ಸಾಕು. ಗುಡ್ಡದ ಮೇಲಿನ ಮೀನುಗಾರರ ಬುರುಜಿನಲ್ಲಿ ಮೇಲಿನ ಅಟ್ಟಕ್ಕೆ ಹಗಲಲ್ಲಿ ದುಡ್ಡು, ಕೆಳಗಿನ ಮೊಗಸಾಲೆಗೆ ಇಲ್ಲ. ನೋಟ ಎರಡರಿಂದಲೂ ಒಂದೇ.

ಸಂಸತ್ ಭವನದಿಂದ ತುಸು ದೂರದಲ್ಲಿ ನದಿಯ ಅಂಚಿಗೆ ಅರವತ್ತು ಜೊತೆ ಕಬ್ಬಿಣದ ಪಾದರಕ್ಷೆಗಳಿವೆ. ಗಂಡಸರವು, ಹೆಂಗಸರವು, ಮಕ್ಕಳವು. 1944-45ರ ಚಳಿಗಾಲದಲ್ಲಿ ಹಂಗೇರಿಯದೇ ನಾಜಿ ಪರ ಪಡೆಯವರು ಯೆಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಕಾಲಿನ ಬೂಟು ಬಿಚ್ಚಿಸಿ, ಗುಂಡಿಕ್ಕಿ ನದಿಗೆ ಕೆಡವಿದರು. ಅದರ ಸ್ಮಾರಕ, 2005ರಲ್ಲಿ ನಿರ್ಮಿಸಿದ್ದು. ಒಂದು ಪುಟ್ಟ ಬೂಟಿನೊಳಗೆ ಯಾರೋ ಹೂವಿಟ್ಟಿದ್ದರು. ಇತಿಹಾಸದ ಪುಸ್ತಕದಲ್ಲಿ ಎರಡು ಸಾಲು ಓದಿ ಮುಂದೆ ಹೋಗುವ ಮಕ್ಕಳನ್ನು ಇಲ್ಲಿ ಹತ್ತು ನಿಮಿಷ ನಿಲ್ಲಿಸಬೇಕು.

ವಿದ್ಯಾರ್ಥಿಗಳಿಗೆ ಇದು ವಿಜ್ಞಾನದ ಊರೂ ಹೌದು. ಗಣಿತಜ್ಞ ಜಾನ್ ಫಾನ್ ನಾಯ್‌ಮನ್ 1903ರಲ್ಲಿ ಹುಟ್ಟಿದ್ದು ಇಲ್ಲಿ. ಎರ್ನೊ ರೂಬಿಕ್ 1974ರಲ್ಲಿ ತನ್ನ ಬಣ್ಣದ ಘನವನ್ನು ರೂಪಿಸಿದ್ದು ಇಲ್ಲಿ. ನಮ್ಮ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ, ಅವರ ತಾಯಿ ಹಂಗೇರಿಯವರು. ಬುಡಾದ ಕೋಟೆಯ ಕೆಳಗೆ ಇಗ್ನಾಜ್ ಸೆಮ್ಮೆಲ್ವೈಸ್ ಹುಟ್ಟಿದ ಮನೆ ಈಗ ವೈದ್ಯಕೀಯ ಇತಿಹಾಸದ ಸಂಗ್ರಹಾಲಯ. ವಿಯೆನ್ನಾದ ಆಸ್ಪತ್ರೆಯಲ್ಲಿ 1847ರಲ್ಲಿ, ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ತಗ್ಗುತ್ತದೆಂದು ತೋರಿಸಿದವರು ಅವರು. ಅಲ್ಲಿ ಅವರ ಮಾತಿಗೆ ಮನ್ನಣೆ ಸಿಗದೆ ಪೆಸ್ಟಿಗೆ ಮರಳಿದರು. ನಾವು ಬಂದ ದಾರಿಯಲ್ಲೇ.

ಮಧ್ಯಾಹ್ನಗಳಲ್ಲಿ ಬುತ್ತಿ ಬಿಚ್ಚಲು ನದಿಯ ನಡುವಿನ ಮಾರ್ಗರೆಟ್ ದ್ವೀಪದಂಥ ಜಾಗ ಇನ್ನೊಂದಿಲ್ಲ. ಎರಡೂವರೆ ಕಿಲೋಮೀಟರ್ ಉದ್ದದ ಉದ್ಯಾನ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ. ಊರಿನಲ್ಲಿ ನೂರಕ್ಕೂ ಮಿಗಿಲಾದ ಬಿಸಿನೀರ ಬುಗ್ಗೆಗಳಿವೆ. ಹೆಸರಾಂತ ಸ್ನಾನಗೃಹಗಳ ಟಿಕೆಟ್ ನಮ್ಮ ಲೆಕ್ಕಕ್ಕೆ ದುಬಾರಿ ಎನಿಸಿ, 1913ರ ಸೆಚೆನಿ ಸ್ನಾನಗೃಹದ ಹಳದಿ ಗುಮ್ಮಟವನ್ನು ಹೊರಗಿನಿಂದಲೇ ನೋಡಿದೆವು. ಬಾಯಿಚಪಲಕ್ಕೆ ಒಂದು ಲಾಂಗೋಷ್ ತಿಂದೆವು. ದಪ್ಪ ಪೂರಿಯಂಥದು, ಮೇಲೆ ಬೆಳ್ಳುಳ್ಳಿ ನೀರು, ಹುಳಿಕೆನೆ, ಚೀಸು. ಮೂವರಿಗೆ ಒಂದೇ ಸಾಕು.

ಕೊನೆಗೆ ಲೆಕ್ಕ

ಮಗಳು ಬರೆದಿಟ್ಟ ಚೀಟಿಯಿಂದ ಅಡುಗೆಯ ಖರ್ಚನ್ನು ಹಾಗೇ ಕೊಡುತ್ತೇನೆ. ತರಕಾರಿ 3,900 ಫೊರಿಂಟ್, ಹಾಲು-ಮೊಸರು-ಬೆಣ್ಣೆ 3,200, ಅಕ್ಕಿ-ಬೇಳೆ 1,900, ಬ್ರೆಡ್ಡು 1,400, ಹಣ್ಣು 2,100, ಎಣ್ಣೆ-ಉಪ್ಪು-ಸಕ್ಕರೆ 2,100. ಒಟ್ಟು 14,600. ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಮುನ್ನೂರೈವತ್ತು ರೂಪಾಯಿ. ಒಬ್ಬರಿಗೆ ದಿನಕ್ಕೆ ಇನ್ನೂರೆಂಬತ್ತು. ಪ್ರವಾಸಿಗರ ಬೀದಿಯ ಹೋಟೆಲೊಂದರ ಹೊರಗೆ ತೂಗುಹಾಕಿದ್ದ ದರಪಟ್ಟಿ ನೋಡಿ ಕೂಡಿದರೆ, ಸೇವಾಶುಲ್ಕವೂ ಸೇರಿ ಮೂವರ ಒಂದೇ ಹೊತ್ತಿನ ಊಟಕ್ಕೆ 18,000 ಫೊರಿಂಟಿನ ಹತ್ತಿರ ಬರುತ್ತಿತ್ತು. ರೈಲು, ಮನೆ, ಓಡಾಟ, ಊಟ, ಚಿಲ್ಲರೆ ಎಲ್ಲ ಸೇರಿ ವಿಯೆನ್ನಾ ಬಿಟ್ಟು ವಿಯೆನ್ನಾ ಸೇರುವವರೆಗೆ ಮೂವರಿಗೆ ಆದದ್ದು ಸುಮಾರು 465 ಯೂರೊ. ರೂಪಾಯಿಯಲ್ಲಿ ನಲವತ್ತೆರಡು ಸಾವಿರದ ಆಸುಪಾಸು. ಕಡಿಮೆ ಮೊತ್ತವೆಂದು ಹೇಳಲಾರೆ. ಆದರೆ ಮಗಳ ಸಾಲಕ್ಕೆ ಕೈ ಹಾಕದೆ ಆಯಿತು.

ಮಕ್ಕಳನ್ನು ದೂರದೇಶಕ್ಕೆ ಕಳಿಸುವ ತಂದೆತಾಯಿಗಳಲ್ಲಿ ಒಂದು ಮಾತು. ಪ್ರವೇಶಪತ್ರ, ಸಾಲ, ವೀಸಾ ಎಂದು ಓಡಾಡುವ ಆರು ತಿಂಗಳಲ್ಲಿ ಒಂದು ತಿಂಗಳನ್ನು ಅಡುಗೆಮನೆಗೆ ಮೀಸಲಿಡಿ. ಹೆಣ್ಣಾಗಲಿ, ಗಂಡಾಗಲಿ, ನಾಲ್ಕು ಅಡುಗೆ ಕೈಗೆ ಬಂದಿರಲಿ: ಅನ್ನ, ಸಾರು, ಒಂದು ಪಲ್ಯ, ಒಂದು ಗೊಜ್ಜು. ಹಂಚಿಕೊಂಡ ಅಡುಗೆಮನೆಯಲ್ಲಿ ಅದನ್ನು ಹೊಗೆಯಿಲ್ಲದೆ ಮಾಡುವುದನ್ನೂ ಕಲಿಸಿ. "ಊಟ ಆತೇನು?" ಎಂದು ಕೇಳಿ ಬಿಡಬೇಡಿ, "ಏನು ಮಾಡಿಕೊಂಡಿ?" ಎಂದು ಕೇಳಿ. ಆ ಎರಡನೆಯ ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ಮೊದಲನೆಯದನ್ನು ನಂಬಬಹುದು.

ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಜೊತೆಯವರು ಗೋಡೆಗೆ ಅಂಟಿಸಿದ ಚೀಟಿಗೆ ಹೆದರಿ ಹಸಿದು ಮಲಗಬೇಡಿ. ಅವರನ್ನೇ ಒಂದು ದಿನ ಊಟಕ್ಕೆ ಕರೆಯಿರಿ. ವಿಯೆನ್ನಾಕ್ಕೆ ಮರಳಿದ ವಾರದಲ್ಲಿ ನಮ್ಮ ಮಗಳು ಮಾಡಿದ್ದು ಅದನ್ನೇ. ಬ್ಯಾಡಗಿ ಪುಡಿ ಹಾಕಿ ಲೆಚೊ ಮಾಡಿ ಐವರಿಗೂ ಬಡಿಸಿದಳಂತೆ. ಎಲ್ಲರೂ ಒಲಿದರು ಎಂದೇನೂ ಇಲ್ಲ. ಒಬ್ಬಳಿಗೆ ಇಂದಿಗೂ ಇಂಗು ಆಗದು. ಆದರೆ ವಾರಕ್ಕೆ ಐದು ಸಂಜೆ ಏಳರಿಂದ ಎಂಟರವರೆಗೆ ಒಲೆ ಇವಳದು ಎಂದು ಮಾತಾಗಿದೆ. ಆ ಹೊತ್ತಿಗೆ ಹಾವೇರಿಯಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಬಾಣಲೆಯ ಚಿತ್ರವೊಂದು ಫೋನಿಗೆ ಬಂದು ಬೀಳುತ್ತದೆ, ಮನೆಯವರು ಅದನ್ನು ನೋಡಿಯೇ ದೀಪ ಆರಿಸುತ್ತಾರೆ.